ಇಳಿಜಾರು

ಕೈ ಮತ್ತೆ ಮೂಡಿತ್ತು.

ನಿನ್ನೆ ಸಂಜೆಯಷ್ಟೇ ಪೇಂಟರು ಬಳಿದು ಹೋಗಿದ್ದ ತಿಳಿಹಳದಿ ಗೋಡೆಯ ಮೇಲೆ, ಮಂಚದ ತಲೆಯ ಕಡೆಗೆ, ಕಂದು ಬಣ್ಣದ ಐದು ಬೆರಳುಗಳು. ಹೆಬ್ಬೆರಳು ಪಕ್ಕಕ್ಕೆ ಸರಿದಿತ್ತು, ಕಿರುಬೆರಳು ಕೆಳಕ್ಕೆ ಜಾರಿ ಬಾಲದಂತೆ ಉದ್ದವಾಗಿತ್ತು. ಅದಕ್ಕಿಂತ ತಗ್ಗಿನಲ್ಲಿ, ಮಂಡಿಯ ಎತ್ತರಕ್ಕೆ, ಕೋಣೆಯ ಸುತ್ತಲೂ ಯಾರೋ ದಾರ ಹಿಡಿದು ಎಳೆದಂತೆ ಒಂದು ಗೆರೆ. ಸುಣ್ಣ ಹೊಡೆಸಿದಾಗಲೂ ಬಂದಿತ್ತು. ಸುಣ್ಣದ ಮೇಲೆ ಬಿಳಿ ಬಣ್ಣ ಬಳಿಸಿದಾಗಲೂ ಬಂದಿತ್ತು.

"ನಾನು ಹೇಳ್ಲಿಲ್ವಾ?" ಎಂದಳು ದೊಡ್ಡವಳು. "ಮಲಗೋವಾಗ ಏನೂ ಇರ್ಲಿಲ್ಲ ಕಣೇ. ಬೆಳಿಗ್ಗೆ ಎದ್ದು ಕಿಟಕಿ ತೆಗೀತೀನಿ, ಅಮ್ಮ ಗೋಡೆ ಹಿಡ್ಕೊಂಡು ನಿಂತಿದಾಳೆ."

ಚಿಕ್ಕವಳು ಅಕ್ಕನ ಫೋನು ಬಂದ ಕೂಡಲೇ ಒಲೆ ಆರಿಸಿ, ಮೇಲಿನ ಬೀದಿಯಿಂದ ಒಂದೇ ಉಸಿರಿಗೆ ಇಳಿದು ಬಂದಿದ್ದಳು. ಏದುಸಿರು ಇನ್ನೂ ನಿಂತಿರಲಿಲ್ಲ. ಗೋಡೆಯ ಹತ್ತಿರ ಹೋಗಿ, ಯಾಕೆಂದು ತನಗೇ ತಿಳಿಯದೆ, ತನ್ನ ಅಂಗೈಯನ್ನು ಆ ಗುರುತಿನ ಮೇಲೆ ಇಡಲು ನೋಡಿದಳು.

"ಮುಟ್ಬೇಡ!" ಎಂದು ದೊಡ್ಡವಳು ಕೂಗಿಕೊಂಡಳು.

"ಯಾಕೆ?"

"ಯಾಕೋ. ನಿನ್ನ ಕೈ ಸರಿಯಾಗಿ ಕೂತ್ಬಿಟ್ರೆ?"

ಚಿಕ್ಕವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳದು ಅಮ್ಮನ ಕೈಯೇ, ಅಚ್ಚೊತ್ತಿದ ಹಾಗಿದೆ ಎಂದು ನೆಂಟರಿಷ್ಟರೆಲ್ಲ ಹೇಳುತ್ತಿದ್ದದ್ದು ಇಬ್ಬರಿಗೂ ನೆನಪಿತ್ತು.

ಪೇಂಟರು ಹೋಗುವಾಗಲೇ ಎಚ್ಚರಿಸಿದ್ದ. "ಇದು ತೇವ ಅಲ್ಲಮ್ಮ, ಎಣ್ಣೆ. ಗಾರೆ ಕುಡಿದು ಕೂತಿದೆ. ನಾನು ಎಷ್ಟು ಸಲ ಬಳಿದ್ರೂ ಅದು ಹೊರಗೆ ಬರೋದೇ. ಕೆತ್ತಿ ತೆಗೆಸಿ, ಹೊಸ ಗಾರೆ ಹಾಕ್ಸಿ." ಗೋಡೆ ಕೆತ್ತಿಸುವುದೆಂದರೆ ದೊಡ್ಡವಳಿಗೆ ಮನಸ್ಸಿರಲಿಲ್ಲ. ಹಾಗೆಂದು ಬಿಟ್ಟುಕೊಂಡು ಮಲಗುವುದೂ ಆಗುತ್ತಿರಲಿಲ್ಲ. ಆ ಕೋಣೆ ಬಿಟ್ಟರೆ ಮನೆಯಲ್ಲಿ ಇದ್ದದ್ದು ಅಡುಗೆಮನೆ ಒಂದೇ.

ಮನೆ ಇಳಿಜಾರಿನ ತೀರಾ ಬುಡದಲ್ಲಿತ್ತು. ಮೇಲಿನ ಬೀದಿಯ ಗ್ಯಾರೇಜುಗಳು, ದೊಡ್ಡ ರಸ್ತೆ, ಪೆಟ್ರೋಲ್ ಬಂಕು, ಮಾರುಕಟ್ಟೆ, ಎಲ್ಲದರ ಮೇಲೆ ಸುರಿದ ಮಳೆಯೂ ಮೋರಿ ಹಿಡಿದು ಇಳಿಯುತ್ತ ಬಂದು, ಈ ಮನೆಯ ಪಕ್ಕದ ಕಾಲುವೆಯಲ್ಲಿ ಕೂಡಿ, ಆಚೆಗಿನ ಕೆರೆಗೆ ಹೋಗುತ್ತಿತ್ತು. ಮಳೆ ಜೋರಾದರೆ ಕಾಲುವೆಗೆ ಅಷ್ಟು ನೀರು ಹಿಡಿಸದೆ ಉಕ್ಕಿ ಬಾಗಿಲಿಗೆ ಬರುತ್ತಿತ್ತು. ಅಮ್ಮ ಅದನ್ನೂ ತಮಾಷೆ ಮಾಡಿಕೊಂಡೇ ಬಾಳಿದವಳು. ಹೊಸ್ತಿಲಿಗೆ ತೇಲಿಬಂದ ಒಂಟಿ ಚಪ್ಪಲಿ, ಸೋಪಿನ ಡಬ್ಬಿ, ಮಕ್ಕಳ ಚೆಂಡು ಎಲ್ಲವನ್ನೂ ಎತ್ತಿಡುತ್ತ, "ಮೇಲಿನೋರು ನಮ್ಮನ್ನ ಮರೆಯೋದೇ ಇಲ್ಲ ನೋಡು, ಪ್ರತಿ ಮಳೆಗೂ ಏನಾದ್ರೂ ಕಳಿಸ್ತಾರೆ" ಎನ್ನುತ್ತಿದ್ದಳು. ಚೆಂಡನ್ನು ಮಾತ್ರ ತೊಳೆದು ಕಾಂಪೌಂಡಿನ ಗೋಡೆಯ ಮೇಲೆ ಇಡುತ್ತಿದ್ದಳು, ಹುಡುಕಿಕೊಂಡು ಬಂದ ಮಗುವಿಗೆ ಸಿಗಲಿ ಎಂದು.

ಗೋಡೆಗೆ ಆ ಕೈ ಬಿದ್ದ ಮಧ್ಯಾಹ್ನದ್ದು, ಬೇಸಿಗೆಯಿಡೀ ಕಾದು ಕೆಂಡವಾಗಿದ್ದ ಊರಿನ ಮೇಲೆ ಬಿದ್ದ ಮೊದಲ ಮಳೆ. ದೊಡ್ಡವಳು ತಾನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಮನೆಯಲ್ಲಿ ಅಮ್ಮ ಒಬ್ಬಳೇ. ಅವಳು ಫೋನು ಮಾಡಿದ್ದು ಚಿಕ್ಕವಳಿಗೆ.

"ನೀರು ಒಳಗೆ ಬಂತು ಕಣೇ. ಈ ಸಲದ್ದು ಕರ್ರಗಿದೆ. ಕಾಲಿಟ್ಟ ಕಡೆ ಜಾರುತ್ತೆ, ಎಣ್ಣೆ ಚೆಲ್ಲಿದ ಹಾಗೆ."

"ಮಂಚ ಹತ್ತಿ ಕೂತ್ಕೊಳಮ್ಮ. ಇವರನ್ನ ಕಳಿಸ್ತೀನಿ. ಇಳೀಬೇಡ, ಗೊತ್ತಾಯ್ತಾ?"

"ಆಯ್ತಾಯ್ತು, ನನಗೇನು ನೀರಾಟ ಆಡೋ ವಯಸ್ಸಾ?" ಎಂದಿದ್ದ ಅಮ್ಮ ಇಳಿದೇ ಇಳಿದಳು. ದೊಡ್ಡವಳ ಸೀರೆಗಳಿದ್ದ ತಗಡಿನ ಪೆಟ್ಟಿಗೆ ನೆನೆಯುತ್ತಿದ್ದದ್ದನ್ನು ನೋಡಿ ಸುಮ್ಮನಿರಲು ಅವಳಿಂದ ಆಗಲಿಲ್ಲ. ಪೆಟ್ಟಿಗೆ ಎತ್ತಲು ಹೋಗಿ ಕಾಲು ಜಾರಿತು. ಅದರ ಅಂಚು ಹಿಮ್ಮಡಿಯನ್ನು ಸೀಳಿತು. ಬಿದ್ದವಳು ಹೇಗೋ ಎದ್ದು, ಗೋಡೆಗೆ ಕೈ ಆನಿಸಿ, ಅಳಿಯ ಬರುವ ತನಕ ಆ ನೀರಿನಲ್ಲೇ ನಿಂತಿದ್ದಳು. ಅವನು ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಇಳಿಜಾರು ಹತ್ತುತ್ತಿದ್ದರೆ, ಅಷ್ಟು ನೋವಿನಲ್ಲೂ, "ಅಳಿಯನ ಮೇಲೆ ಸವಾರಿ ಮಾಡೋ ಭಾಗ್ಯ ಯಾವ ಅತ್ತೆಗಿದೆ ಹೇಳಿ" ಎಂದು ನಕ್ಕಿದ್ದಳಂತೆ.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಗಾಯ ಮಾಯಲಿಲ್ಲ. ಹಿಮ್ಮಡಿ ಊದಿತು, ಜ್ವರ ಏರಿತು, ಪಾದದ ಬಣ್ಣ ಬದಲಾಯಿತು. ಆಸ್ಪತ್ರೆಯ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, "ಯಾವ ನೀರಲ್ಲಿ ನಿಂತಿದ್ರು?" ಎಂದು ಕೇಳಿದಳು. "ಮಳೆನೀರು" ಎಂದಳು ಚಿಕ್ಕವಳು. "ಮಳೆನೀರು ಇಷ್ಟೆಲ್ಲ ಮಾಡಲ್ಲಮ್ಮ. ಊರು ತೊಳೆದ ನೀರು ಅನ್ನಿ" ಎಂದು ಆಕೆ ಕೈಗವಸು ಕಳಚಿ ಕಸದ ಬುಟ್ಟಿಗೆ ಹಾಕಿದಳು. ಮಳೆಗಾಲ ಅರ್ಧ ಕಳೆಯುವ ಮೊದಲೇ ಅಮ್ಮ ಹೋಗಿಬಿಟ್ಟಳು.

ಕೊನೆಗೆ ದೊಡ್ಡವಳು ಒಪ್ಪಿದಾಗ, ಗಾರೆ ಕೆತ್ತುವುದಕ್ಕೆ ಬೇರೆ ಯಾರನ್ನೋ ಕರೆಸುವುದು ಬೇಡ, ನಾನೇ ಬರುತ್ತೇನೆ ಎಂದ ಚಿಕ್ಕವಳ ಗಂಡ. ಮೇಲಿನ ಬೀದಿಯಲ್ಲಿ ಅವನ ಗ್ಯಾರೇಜು, ಅದರ ಹಿಂದೆಯೇ ಮನೆ. ಕೆಲಸ ಯಾವುದೇ ಇರಲಿ, ಬಾಯಿ ಮಾತ್ರ ಸುಮ್ಮನಿರದ ಮನುಷ್ಯ. ಹೆಣ್ಣು ನೋಡಲು ಬಂದ ದಿನ ಅವನ ಅಂಗಿಯಿಂದ ಬಂದ ವಾಸನೆಗೆ ಗಾಬರಿಯಾದ ಅಮ್ಮ, "ಹುಡುಗ ಎಣ್ಣೆ ಹಾಕ್ತಾನಾ?" ಎಂದು ಮಧ್ಯಸ್ಥನ ಕಿವಿಯಲ್ಲಿ ಕೇಳಿದ್ದಳು. ಅದು ಹುಡುಗನ ಕಿವಿಗೇ ಬಿದ್ದು, "ದಿನಾ ಹಾಕ್ತೀನಿ ಅತ್ತೆ, ಆದ್ರೆ ಗಾಡಿಗೆ" ಎಂದಿದ್ದ. ಇನ್ನೂ ಮಾತುಕತೆಯೇ ಮುಗಿಯದಿದ್ದರೂ ಆಗಲೇ ಅತ್ತೆ ಎಂದುಬಿಟ್ಟವನನ್ನು ಅಮ್ಮ ಅಲ್ಲಿಂದಾಚೆಗೆ ಮಗನಂತೆಯೇ ನೋಡಿಕೊಂಡಳು.

ಭಾನುವಾರ ಉಳಿ, ಸುತ್ತಿಗೆ, ಸಿಮೆಂಟಿನ ಸಣ್ಣ ಚೀಲ ಹೊತ್ತು ಅವನು ಬಂದ. ದೊಡ್ಡವಳಿಗೆ ನೋಡುವ ಧೈರ್ಯವಿರಲಿಲ್ಲ. "ನೀವು ಮುಗಿಸಿ. ನಾನು ಮಾರ್ಕೆಟ್ಟಿಗೆ ಹೋಗಿ ಬರ್ತೀನಿ" ಎಂದು ಚೀಲ ತೆಗೆದುಕೊಂಡು ಹೊರಟುಬಿಟ್ಟಳು. ಚಿಕ್ಕವಳು ಮಂಚವನ್ನು ಅಡುಗೆಮನೆಯ ಕಡೆಗೆ ಎಳೆದು, ನೆಲಕ್ಕೆ ಹಳೆಯ ಬೆಡ್‌ಶೀಟು ಹಾಸಿದಳು.

ಅವನು ಮೊದಲು ಗೆರೆಯಿಂದ ಶುರು ಮಾಡಿದ. ಅದಕ್ಕೂ ಏನೋ ತಮಾಷೆ ಮಾಡುತ್ತಿದ್ದ: ಮನೆಗೆ ಸೊಂಟಪಟ್ಟಿ ಕಟ್ಟಿದ ಹಾಗಿದೆ, ಬಿಚ್ಚೋದೇ ಕಷ್ಟ ಎಂದು. ಕೈಯ ಗುರುತಿನ ಹತ್ತಿರ ಬಂದಾಗ ಅವನೂ ಮಾತು ನಿಲ್ಲಿಸಿದ. ಉಳಿಯನ್ನು ಬೆರಳುಗಳ ಮೇಲಿಡದೆ, ಹೊರಗಿನಿಂದ ಸುತ್ತಲೂ ಕೆತ್ತಿಕೊಂಡು ಬಂದ. ಕೊನೆಗೆ ಅಂಗೈ ಅಗಲದ ಒಂದು ಚಕ್ಕೆ ಸಡಿಲವಾಗಿ ಅವನ ಕೈಗೇ ಬಂದು ಕೂತಿತು. ಅದರ ಹಿಂಭಾಗ ಜೇನಿನ ಬಣ್ಣಕ್ಕೆ ತಿರುಗಿತ್ತು. ಕೋಣೆಯಲ್ಲಿ ಇದ್ದಕ್ಕಿದ್ದಂತೆ ವಾಸನೆ ಎದ್ದಿತು, ಇಷ್ಟು ದಿನ ಗೋಡೆಯೊಳಗೆ ಮುಚ್ಚಿಟ್ಟುಕೊಂಡಿದ್ದದ್ದು ಬಾಯಿ ತೆರೆದ ಹಾಗೆ.

ಅವನು ಅದನ್ನು ಮೂಗಿನ ಹತ್ತಿರ ಒಯ್ದ. ಅಭ್ಯಾಸಬಲ, ಗಾಡಿಯಿಂದ ಇಳಿಸಿದ ಎಣ್ಣೆಯನ್ನು ದಿನವೂ ಹಾಗೆಯೇ ಮೂಸಿ ನೋಡುವವನು. ಮೂಸಿದವನು ಹಾಗೇ ನಿಂತ.

"ಏನ್ರೀ?"

"ಏನಿಲ್ಲ."

"ಏನಿಲ್ಲ ಅಂದ್ರೆ?"

"ಎಂಜಿನ್ ಎಣ್ಣೆ. ಸುಟ್ಟಿದ್ದು" ಎಂದ. "ಎಲ್ಲಾ ಗಾಡಿದೂ ಒಂದೇ ವಾಸನೆ ಬಿಡು. ರಸ್ತೆ ತುಂಬ ಸೋರಿರುತ್ತೆ."

ಆದರೆ ಚಿಕ್ಕವಳಿಗೂ ಮೂಗಿತ್ತು. ಮದುವೆಯಾದಂದಿನಿಂದ ಆ ಬಟ್ಟೆ ಒಗೆದವಳು ಅವಳು. ಅವನ ಅಂಗಿಯ ತೋಳಿನಲ್ಲಿ, ತಲೆದಿಂಬಿನ ಚೀಲದಲ್ಲಿ, ಅವನು ತಬ್ಬಿಕೊಂಡಾಗ ಕುತ್ತಿಗೆಯ ಹತ್ತಿರ ಇರುತ್ತಿದ್ದ ವಾಸನೆ. ತನ್ನ ಮನೆಯ ವಾಸನೆ. ಅದು ಅಮ್ಮನ ಗೋಡೆಯಿಂದ ಬರುತ್ತಿತ್ತು.

ಸಂಜೆಯ ಹೊತ್ತಿಗೆ ಕೆತ್ತಿದ ಜಾಗಕ್ಕೆಲ್ಲ ಹೊಸ ಸಿಮೆಂಟು ಮೆತ್ತಿ, ಮಟ್ಟಗೋಲಿನಿಂದ ಒರೆಸಿ ಅವನು ಕೈ ತೊಳೆದುಕೊಂಡ. ದೊಡ್ಡವಳು ಬಂದು ಬೂದು ಬಣ್ಣದ ಒದ್ದೆ ಗೋಡೆಯನ್ನು ನೋಡುತ್ತ ಬಹಳ ಹೊತ್ತು ನಿಂತಳು. ಮರುದಿನ ಫೋನು ಮಾಡಿ, "ಎಷ್ಟೋ ದಿನ ಆದ್ಮೇಲೆ ನಿದ್ದೆ ಬಂತು ಕಣೇ. ನಿನ್ನ ಗಂಡನಿಗೆ ಪುಣ್ಯ ಬರಲಿ" ಎಂದಳು. ಚಿಕ್ಕವಳು ಹೂಂಗುಟ್ಟಿದಳು. ಅಕ್ಕನನ್ನು ಬಿಟ್ಟದ್ದು ಇಳಿಜಾರು ಹತ್ತಿ ತನ್ನ ಮನೆಗೆ ಬಂದಿದೆ ಎಂದು ಹೇಗೆ ಹೇಳುವುದು? ಗಂಡನ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಸಿ, ಮುಟ್ಟಲಾಗದೆ ಹಾಗೇ ಬಿಟ್ಟಿದ್ದಳು. ಗ್ಯಾರೇಜಿನ ಮುಂದಿನ ಮೋರಿಯ ಕಲ್ಲುಚಪ್ಪಡಿ ದಾಟುವಾಗ ಅಡಿಯಲ್ಲಿ ನೀರು ಕೊರಕೊರ ಎಂದರೆ, ಯಾರೋ ಗಂಟಲು ಸರಿಮಾಡಿಕೊಂಡು ಇನ್ನೇನು ಕರೆಯುತ್ತಾರೆ ಅನಿಸಿ ನಿಂತುಬಿಡುತ್ತಿದ್ದಳು.

ಗೊತ್ತಾದದ್ದು ಅಡುಗೆಮನೆಯಲ್ಲಿ. ಏನೋ ಕರಿದ ಬಾಣಲೆಯನ್ನು ನಲ್ಲಿಯ ಕೆಳಗಿಟ್ಟು ನೀರು ಬಿಟ್ಟಿದ್ದಳು. ತಳದಲ್ಲಿದ್ದ ಎಣ್ಣೆ ಮೆಲ್ಲಗೆ ಮೇಲೆದ್ದಿತು. ನೀರು ತುಂಬುತ್ತ ಹೋದಂತೆ ಅದು ಅಂಚಿನ ತನಕ ಏರಿ, ಮೊದಲು ತಾನೇ ತುಳುಕಿ ಹೊರಗೆ ಹೋಯಿತು. ನೋಡುನೋಡುತ್ತಿದ್ದಂತೆ ಬಾಣಲೆಯಲ್ಲಿ ಉಳಿದದ್ದು ಬರೀ ನೀರು.

ಅವಳು ನಲ್ಲಿ ನಿಲ್ಲಿಸಿದಳು. ಗ್ಯಾರೇಜಿನ ಸೂರಿನ ಕೆಳಗೆ, ಬಾಯಿ ತೆರೆದ ಒಂದು ಪೀಪಾಯಿ ಇರುತ್ತಿತ್ತು. ಗಾಡಿಗಳಿಂದ ಇಳಿಸಿದ ಹಳೆಯ ಎಣ್ಣೆಯನ್ನೆಲ್ಲ ಅದಕ್ಕೆ ಸುರಿಯುತ್ತಿದ್ದರು. ಕೊಳ್ಳುವವನು ಬಂದಾಗ ಒಯ್ಯುತ್ತಿದ್ದ. ಆ ಬೇಸಿಗೆಯಲ್ಲಿ ಅವನು ಬಂದಿರಲಿಲ್ಲ, ಪೀಪಾಯಿ ತುಂಬಿ ಕಂಠಕ್ಕೆ ಬಂದಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಗಂಡ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅವಳ ಪಕ್ಕ ಕೂತು, ಅವಳ ಮುಖ ಅರಳಿಸಬೇಕೆಂದು ಹೇಳಿದ್ದ: "ಒಂದು ಮಜಾ ಗೊತ್ತಾ? ಪೀಪಾಯಿಗೆ ಯಾವನೋ ಕಳ್ಳ ಕೈ ಹಾಕಿದಾನೆ. ಎಣ್ಣೆ ಅಷ್ಟೂ ತಗೊಂಡು, ಬದಲಿಗೆ ನೀರು ತುಂಬಿಸಿ ಹೋಗಿದಾನೆ. ಹಾಲು ಮಾರೋನ ನೆಂಟ ಇರ್ಬೇಕು." ಅವಳು ನಕ್ಕಿದ್ದಳು. ಒಳಗೆ ಅಮ್ಮ ನರಳುತ್ತಿದ್ದರೆ, ಹೊರಗೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು.

ಅವನನ್ನು ಕರೆದಳು. ಬಾಣಲೆಗೆ ಮತ್ತೆ ಎಣ್ಣೆ ಸುರಿದು, ನಲ್ಲಿಯ ಕೆಳಗಿಟ್ಟು ನೀರು ಬಿಟ್ಟಳು. "ನೋಡಿ" ಎಂದಳು, ಅಷ್ಟೇ.

ಅವನು ನೋಡಿದ. ಮೊದಲು ಇವಳಿಗೇನಾಯಿತು ಎಂಬಂತೆ ಅವಳನ್ನು ನೋಡಿದ, ಆಮೇಲೆ ಬಾಣಲೆಯನ್ನು. ಎಣ್ಣೆ ಅಂಚು ದಾಟಿದಾಗ ಅವನ ಮುಖದ ಒಂದೊಂದು ಗೆರೆಯೂ ಸಡಿಲವಾಯಿತು. ನಲ್ಲಿ ನಿಲ್ಲಿಸಲು ಕೈ ಚಾಚಿದವನಿಗೆ ತಿರುಗಣೆ ಸಿಗಲಿಲ್ಲ.

"ಸೂರಿನ ನೀರೆಲ್ಲ ಅದಕ್ಕೇ ಬೀಳ್ತಿತ್ತು" ಎಂದ, ತನ್ನಷ್ಟಕ್ಕೆ.

"ಹೂಂ."

"ನಂಗೆ ಹೊಳೀಲೇ ಇಲ್ಲ."

"ನಂಗೂ ಹೊಳೀಲಿಲ್ಲ."

ಅವನು ಹೊರಗೆ ಹೋಗಿ, ಮತ್ತೆ ಒಳಗೆ ಬಂದ. ಬಂದವನ ದನಿ ಬೇರೆಯಾಗಿತ್ತು. "ನಂದೊಂದೇನಾ? ಹೇಳು! ಪಕ್ಕದೋನು ಗಾಡಿ ತೊಳೆಯೋ ನೀರು ಎಲ್ಲಿಗೆ ಹೋಗುತ್ತೆ? ಬಂಕಿನೋರದ್ದು? ಮಾಂಸದ ಅಂಗಡಿದು? ದಿನಾ ಸಾವಿರ ಗಾಡಿ ಓಡಾಡೋ ರಸ್ತೆ ಅದು, ಎಲ್ಲಾ ತೊಳ್ಕೊಂಡು ಹೋಗುತ್ತೆ. ಎಲ್ಲಾ ಬಿಟ್ಟು ನನ್ನ ಪೀಪಾಯಿನೇ ಹೋಗಿ ಅತ್ತೆ ಕಾಲು ಜಾರಿಸ್ತಾ?"

"ನಾನು ಹಾಗೆ ಅಂದ್ನಾ?"

"ಅನ್ನೋದೇನು ಬಂತು? ಬಾಣಲೆ ಹಿಡ್ದು ತೋರಿಸಿದ್ಯಲ್ಲ." ಗೋಡೆಗೆ ಒರಗಿ ನೆಲಕ್ಕೆ ಕುಕ್ಕರಿಸಿದ. "ನಾನು ಹೊತ್ಕೊಂಡು ಬಂದೆ ಕಣೇ ಅವರನ್ನ" ಎಂದ. "ಈ ಬೆನ್ನ ಮೇಲೆ."

ಅವಳು ಅವನ ಪಕ್ಕದಲ್ಲೇ ಕೂತಳು. ಭುಜದ ಮೇಲೆ ಕೈಯಿಡಬೇಕೆಂದುಕೊಂಡಳು. ವಾಸನೆ ಅಡ್ಡ ಬಂತು.

ಮರುದಿನವೇ ಅವನು ಪೀಪಾಯಿಯನ್ನು ಒಳಗೆ ಉರುಳಿಸಿ ಮುಚ್ಚಳ ಬಿಗಿಸಿದ. ಸೂರಿಗೆ ತಗಡಿನ ದೋಣಿ ಕೂರಿಸಿ ನೀರನ್ನು ಬೇರೆ ಕಡೆಗೆ ತಿರುಗಿಸಿದ. ಗ್ಯಾರೇಜಿನ ಬಾಯಿಗೆ ಅಡ್ಡಲಾಗಿ ಸಿಮೆಂಟಿನ ದಿಂಡು ಕಟ್ಟಿ, ನೆಲಕ್ಕೆಲ್ಲ ಮರದ ಹೊಟ್ಟು ಹರಡಿದ. ಹೊಟ್ಟು ಎಣ್ಣೆ ಕುಡಿದು ಕಪ್ಪಾದರೆ ಗುಡಿಸಿ ಚೀಲಕ್ಕೆ ತುಂಬಿ ಹೊಸದು ಹಾಕುತ್ತಿದ್ದ. ಪಕ್ಕದ ಗ್ಯಾರೇಜಿನವನು, "ಏನಪ್ಪಾ, ಕೋಳಿ ಸಾಕ್ತೀಯಾ?" ಎಂದು ನಗೆಯಾಡಿದರೆ, ಮೊದಲಾಗಿದ್ದರೆ ಒಂದಕ್ಕೆರಡು ಉತ್ತರ ಕೊಡುತ್ತಿದ್ದವನು ತಲೆ ಎತ್ತದೆ ಗುಡಿಸುತ್ತಿದ್ದ. ಅತ್ತಿಗೆಯ ಮನೆಯ ಕಡೆ ಮಾತ್ರ ಹೋಗಲಿಲ್ಲ. ಅವಳೇ ಬಂದರೆ ಗಾಡಿಯ ಕೆಳಗೆ ತೂರಿಕೊಂಡು, ಅಲ್ಲಿಂದಲೇ, "ಚೆನ್ನಾಗಿದೀರಾ ಅತ್ತಿಗೆ?" ಎನ್ನುತ್ತಿದ್ದ.

ಮಳೆ ಹಲವು ದಿನ ತಲೆಮರೆಸಿಕೊಂಡಿತ್ತು. ಬಂದಾಗ ಮಧ್ಯಾಹ್ನದ ಊಟ ಆಗತಾನೇ ಮುಗಿದಿತ್ತು. ಗಾಳಿ ಬೀಸಿ, ತಗಡು ಬಡಿದು, ದಪ್ಪ ಹನಿಗಳು ಬಿದ್ದವು. ಚಿಕ್ಕವಳು ಛತ್ರಿ ಹಿಡಿದು ಗ್ಯಾರೇಜಿನ ಮುಂದೆ ನಿಂತಳು. ದಿಂಡಿನ ಒಳಗೆ ಹೊಟ್ಟು ಒಣಗಿಯೇ ಇತ್ತು. ದೋಣಿಯಿಂದ ತಿಳಿನೀರು ಬೀಳುತ್ತಿತ್ತು. ಗಂಡ ಒಳಗಿನಿಂದ ಅವಳ ಮುಖವನ್ನೇ ನೋಡುತ್ತಿದ್ದ. "ಏನೂ ಹೋಗ್ತಿಲ್ಲ" ಎಂದು ಅವಳು ಸನ್ನೆ ಮಾಡಿದಳು. ಅವನು ಕಣ್ಣು ಮುಚ್ಚಿ ತೆರೆದ.

ಅಷ್ಟಕ್ಕೆ ಒಳಗೆ ಬರಬಹುದಿತ್ತು. ಆದರೆ ಮೋರಿಯ ನೀರು ಆಗಲೇ ಬಣ್ಣ ತಿರುಗಿ ಓಡುತ್ತಿತ್ತು. ಕಾಲು ತಾನಾಗಿ ಅದರ ಹಿಂದೆ ಹೊರಟಿತು.

ಪಕ್ಕದ ಗ್ಯಾರೇಜಿನ ಮುಂದೆ ನವಿಲಿನ ಕತ್ತಿನ ಬಣ್ಣದ ಪೊರೆಯೊಂದು ಬಂದು ಕೂಡಿಕೊಂಡಿತು. ಗಾಡಿ ತೊಳೆಯುವ ಜಾಗದಿಂದ ನೊರೆ ಇಳಿಯಿತು. ಬಣ್ಣದಂಗಡಿಯ ಹಿಂದಿನಿಂದ, ಯಾರೋ ಬ್ರಷ್ಷು ಅದ್ದಿ ಅಲ್ಲಾಡಿಸಿದ ಹಾಗೆ, ಬಿಳಿಯ ಒಂದು ಎಳೆ. ದೊಡ್ಡ ರಸ್ತೆಯ ಅಂಚಿನಲ್ಲಿ ಇಷ್ಟು ದಿನ ಟಯರುಗಳು ಸವೆದು ಉದುರಿಸಿದ ಕಪ್ಪು ಧೂಳು ಕಾಡಿಗೆಯಂತೆ ಕರಗುತ್ತಿತ್ತು. ಬಂಕಿನ ಅಂಗಳದಿಂದ, ಮಾಂಸದ ಅಂಗಡಿಯ ಮೆಟ್ಟಿಲಿನಿಂದ, ಗೇಟು ಹಾಕಿದ ದೊಡ್ಡ ಮನೆಗಳ ಹುಲ್ಲುಹಾಸಿನಿಂದ ಒಂದೊಂದು ಬಂದು ಸೇರುತ್ತಲೇ ಇತ್ತು. ಯಾರೂ ಏನನ್ನೂ ಸುರಿಯುತ್ತಿರಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತು ಮಳೆ ನೋಡುತ್ತಿದ್ದರು. ಮಾರುಕಟ್ಟೆಯ ತಿರುವಿನಲ್ಲಿ ಅವಳು ಬಗ್ಗಿ ಮೋರಿಯೊಳಗೆ ಇಣುಕುತ್ತಿದ್ದರೆ ಚಹಾದ ಅಂಗಡಿಯವನು ಕೂಗಿದ:

"ಏನಕ್ಕಾ, ಏನಾದ್ರೂ ಬಿದ್ದೋಯ್ತಾ?"

"ಹೂಂನಪ್ಪ."

"ಚಿನ್ನಾನಾ?"

"ಅಲ್ಲ."

"ಹಾಗಿದ್ರೆ ಬಿಡಿ. ಇಲ್ಲಿ ಹೋದದ್ದು ಮತ್ತೆ ಕಣ್ಣಿಗೆ ಬೀಳಲ್ಲ."

ಅವಳು ನಡೆದಳು. ನೀರು ಅವಳಿಗಿಂತ ಸ್ವಲ್ಪವೇ ಮುಂದಿತ್ತು. ಇಳಿಜಾರು ಕಡಿದಾದ ಕಡೆ ಅವಳು ಓಡಿದಳು, ಯಾಕೆಂದರೆ ಅದೂ ಓಡಿತು. ಮಂಚ ಹತ್ತಿ ಕೂತ್ಕೊಳಮ್ಮ, ಇಳೀಬೇಡ ಎಂದು ತನ್ನದೇ ದನಿ ಎದೆಯೊಳಗೆ ಹೇಳುತ್ತಿತ್ತು. ಕೇಳಬೇಕಾದವಳು ಈಗ ಅಲ್ಲಿಲ್ಲ ಎಂಬುದು ಗೊತ್ತಿದ್ದೂ ಅದು ನಿಲ್ಲಲಿಲ್ಲ. ತಗ್ಗಿನ ಬೀದಿ ತಲಪಿದಾಗ ಕಾಲುವೆ ಉಕ್ಕಿ, ನೀರು ಅಕ್ಕನ ಮೆಟ್ಟಿಲು ಹತ್ತುತ್ತಿತ್ತು.

ದೊಡ್ಡವಳು ಮನೆಯಲ್ಲೇ ಇದ್ದಳು. ಅಮ್ಮ ಹೋದ ಮೇಲೆ ಅವಳಿಗೆ ಇದೊಂದು ಗೀಳು ಹಿಡಿದಿತ್ತು. ಮೋಡ ಕವಿದರೆ ಸಾಕು, ಕೈಯಲ್ಲಿದ್ದ ಕನ್ನಡಕ ಅಲ್ಲೇ ಬಿಟ್ಟು ಅಂಗಡಿಯಿಂದ ಓಡಿಬರುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲ, ಯಾಕೆ ಓಡ್ತೀರಿ ಎಂದು ಕೇಳಲು ಮಾಲೀಕನಿಗೂ ಬಾಯಿ ಬರುತ್ತಿರಲಿಲ್ಲ. ಈಗ ಬಾಗಿಲಿಗೆ ಹಲಗೆ ಅಡ್ಡ ಇಟ್ಟು, ಸಂದಿಗೆ ಗೋಣಿಚೀಲ ತುರುಕುತ್ತ, ಪಾದ ಮುಳುಗುವ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದಳು.

"ಚಪ್ಪಲಿ ಎಲ್ಲಿ ನಿಂದು?" ಚಿಕ್ಕವಳು ಹಲಗೆ ದಾಟಿ ಒಳಗೆ ಹಾರಿದಳು.

"ಹುಡುಕೋಕೆ ಪುರುಸೊತ್ತೆಲ್ಲಿತ್ತು? ಆ ಕಡೆ ಚೀಲ ಒತ್ತು, ಒತ್ತು!"

ಇಬ್ಬರೂ ಸೇರಿ ಒತ್ತಿದರು. ಆಮೇಲೆ ಮಾಡುವುದಕ್ಕೇನೂ ಇರಲಿಲ್ಲ. ಬರುವಷ್ಟು ನೀರು ಬಂತು, ಹೊಸ ಗಾರೆಯ ಬುಡ ಒದ್ದೆಯಾಯಿತು, ಅಷ್ಟರಲ್ಲಿ ಮಳೆಯೇ ಸೋತು ಹಿಂದೆಗೆಯಿತು. ಅಕ್ಕ ತಂಗಿಯರು ಮಂಚದ ಮೇಲೆ ಕಾಲು ಎತ್ತಿಕೊಂಡು ಕೂತರು, ಚಿಕ್ಕವರಿದ್ದಾಗ ಕೂರುತ್ತಿದ್ದ ಹಾಗೆ.

"ಅಕ್ಕಾ."

"ಹೂಂ."

"ಆ ದಿನ ಬಂದ ಎಣ್ಣೆ..."

"ಬೇಡ."

"ಕೇಳು. ನಮ್ಮ ಗ್ಯಾರೇಜಿನ ಮುಂದೆ ಒಂದು..."

"ಬೇಡ ಅಂದ್ನಲ್ಲ." ದೊಡ್ಡವಳು ಅವಳ ಕಡೆ ತಿರುಗಲಿಲ್ಲ. "ನಾನು ಕನ್ನಡಕದ ಅಂಗಡಿಯೋಳು ಕಣೇ. ದಿನಾ ಬೇರೆಯೋರ ಕಣ್ಣು ನೋಡೋದೇ ನನ್ನ ಕೆಲಸ. ಗೋಡೆ ಕೆತ್ತಿದ ಮಾರನೇ ವಾರದಿಂದ ನಿನ್ನ ಗಂಡ ನನ್ನ ಮುಖ ನೋಡಿಲ್ಲ. ನನಗೇನು ಕಾಣ್ಸಲ್ವಾ?"

"ಹಾಗಾದ್ರೆ ಗೊತ್ತು ನಿಂಗೆ."

"ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋದೂ ಇಲ್ಲ. ನೀನು ಹೇಳಿದ್ರೆ ಅದು ಮಾತಾಗಿಬಿಡುತ್ತೆ. ಮಾತಾದ್ರೆ ನಾನು ಸಿಟ್ಟು ಮಾಡ್ಕೋಬೇಕು, ಇಲ್ಲ ಕ್ಷಮಿಸಬೇಕು. ಎರಡಕ್ಕೂ ನನ್ನ ಹತ್ರ ಶಕ್ತಿ ಇಲ್ಲ. ಅಮ್ಮ ಹೋದಳು. ನೀವಿಬ್ಬರೇ ಉಳಿದಿರೋದು ನಂಗೆ. ಅವನಿಗೆ ಹೇಳು, ಭಾನುವಾರ ಬಂದು ಊಟ ಮಾಡ್ಕೊಂಡು ಹೋಗ್ಲಿ. ಗಾಡಿ ಕೆಳಗೆ ಎಷ್ಟು ದಿನ ಅಂತ ಮಲಗ್ತಾನೆ?"

ಚಿಕ್ಕವಳು ಅಳಲು ಹೊರಟವಳು ನಕ್ಕುಬಿಟ್ಟಳು, ನಗಲು ಹೋಗಿ ಮತ್ತೆ ಅತ್ತಳು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಜನ ಓಡಾಡುವ ಸದ್ದು ಕೇಳಿಸಿತು. ಯಾರದೋ ರೇಡಿಯೋ ಹಾಡತೊಡಗಿತು.

ಚಿಕ್ಕವಳು ಎದ್ದು ಅಡುಗೆಮನೆಗೆ ಹೋದಳು. ಮುಚ್ಚಿಟ್ಟಿದ್ದ ಕುಡಿಯುವ ನೀರನ್ನೇ ಬಿಸಿಮಾಡಿ ಪ್ಲಾಸ್ಟಿಕ್ ಟಬ್ಬಿಗೆ ಸುರಿದು ತಂದು, ಮಂಚದ ಮುಂದೆ ಕೂತಳು.

"ಕಾಲು ಕೊಡು."

"ಏ, ಬಿಡೇ. ನಾನೇ ತೊಳ್ಕೋತೀನಿ."

"ಕೊಡು ಅಂದೆ."

ದೊಡ್ಡವಳು ಮುಜುಗರದಿಂದ ಸೀರೆ ಎತ್ತಿ ಹಿಡಿದು, ಒಂದೊಂದಾಗಿ ಪಾದಗಳನ್ನು ಇಳಿಬಿಟ್ಟಳು. ಚಿಕ್ಕವಳು ಸೋಪು ಹಚ್ಚಿ ಉಜ್ಜಿದಳು. ಬೆರಳ ಸಂದಿಗಳನ್ನು ಬಿಡಿಸಿ ನೋಡಿದಳು. ಹಿಮ್ಮಡಿಯ ಬಿರುಕುಗಳಿಗೆ ಅಂಟಿದ್ದ ಕಪ್ಪು ಸುಲಭಕ್ಕೆ ಬಿಡಲಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದು, ಬೆಳಕಿಗೆ ಹಿಡಿದು, ಗಾಯವೇನಾದರೂ ಇದೆಯೇ ಎಂದು ಮತ್ತೆ ಮತ್ತೆ ತಡವಿದಳು. ಇರಲಿಲ್ಲ. ತನ್ನ ಸೆರಗಿನಿಂದಲೇ ಒರೆಸಿ, ಎರಡೂ ಪಾದಗಳನ್ನು ಮಂಚದ ಮೇಲೆ ಎತ್ತಿಟ್ಟಳು. "ಇಳೀಬೇಡ" ಎಂದಳು.

ಟಬ್ಬು ಎತ್ತಿಕೊಂಡು ಬಾಗಿಲಿಗೆ ಬಂದಳು. ಬಿಸಿಲು ಬಿದ್ದಿತ್ತು. ಮೆಟ್ಟಿಲಿನ ಕೆಳಗೆ ಕಾಲುವೆ ಇನ್ನೂ ತುಂಬಿ, ಸದ್ದಿಲ್ಲದೆ ಕೆರೆಯ ಕಡೆಗೆ ಹರಿಯುತ್ತಿತ್ತು. ಅವಳು ಟಬ್ಬನ್ನು ಬಗ್ಗಿಸಲು ಹೋಗಿ, ತಡೆದಳು. ಎಡಕ್ಕೆ ನೋಡಿದಳು, ಸಿಮೆಂಟಿನ ಬೀದಿ. ಬಲಕ್ಕೆ ನೋಡಿದಳು, ಪಕ್ಕದ ಮನೆಯ ಗೋಡೆ. ಕಂದು ನೀರು ಅವಳ ಕೈಯಲ್ಲಿ ಅತ್ತಿತ್ತ ತುಯ್ದಾಡಿ ನಿಂತಿತು.

"ಏನೇ, ಇನ್ನೂ ಚೆಲ್ಲಿಲ್ವಾ?" ಎಂದು ಒಳಗಿನಿಂದ ಅಕ್ಕ ಕೇಳಿದಳು.

ಚಿಕ್ಕವಳು ಟಬ್ಬು ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದಳು.